ಅನ್ನ ಕಡಿಮೆ ಮಾಡುವ ಮುನ್ನ: ಊಟದ ಜೊತೆ ಜಗಳ ಇರುವವರು ಇಡಬೇಕಾದ ಹೆಜ್ಜೆಗಳು

ಶುಗರ್ ಇದೆ ಎಂಬ ರಿಪೋರ್ಟ್ ಕೈಗೆ ಬಂದ ದಿನವೇ ಶಿಕಾರಿಪುರ, ಸೊರಬದ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು ‘ಇನ್ಮೇಲೆ ಅನ್ನ ಬಿಟ್ಬಿಡ್ಬೇಕು’. ಪಿಸಿಒಡಿ ಎಂದು ಗೊತ್ತಾದ ಕಾಲೇಜು ಹುಡುಗಿಗೂ, ಮಂಡಿನೋವಿನಿಂದ ತೋಟಕ್ಕೆ ಇಳಿಯಲಾಗದ ಯಜಮಾನರಿಗೂ ಇದೇ ಸಲಹೆ. ಬೆನ್ನಿಗೇ ಮೊಬೈಲಿನಲ್ಲಿ ಪಿಷ್ಟ ಇಳಿಸುವ ಲೋ ಕಾರ್ಬ್, ಕೀಟೊ ಡಯಟ್‌ಗಳ ವಿಡಿಯೊಗಳು ಸಾಲುಗಟ್ಟುತ್ತವೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಉಣ್ಣುವ ಸೀಮೆಯಲ್ಲಿ ಪಿಷ್ಟ ಸ್ವಲ್ಪ ಇಳಿಸುವುದು ಒಳ್ಳೆಯದೇ. ಆದರೆ ಈ ಸಲಹೆ ಕೇಳಿಸಿಕೊಳ್ಳುವವರಲ್ಲಿ ಕೆಲವರಿಗೆ ಊಟದ ಜೊತೆ ಮೊದಲೇ ಒಂದು ಜಗಳವಿರುತ್ತದೆ. ಹಗಲಿಡೀ ಏನೂ ತಿನ್ನದೆ, ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ದೀಪವನ್ನೂ ಹಾಕದೆ ಪಾತ್ರೆಯ ತಳದ ಅನ್ನವನ್ನು ನಿಂತಲ್ಲೇ ತಿಂದು ಮುಗಿಸುವವರು, ತಿಂದದ್ದಕ್ಕೆ ಅತ್ತು ಮರುದಿನ ಉಪವಾಸ ಕೂರುವವರು, ತಾವಾಗಿ ವಾಂತಿ ಮಾಡಿಕೊಳ್ಳುವವರು, ಮೈ ಇಳಿದು ಮೂಳೆ ಕಂಡರೂ ದಪ್ಪಗಿದ್ದೇನೆಂದು ನಂಬಿರುವವರು ನಮ್ಮ ನಡುವೆಯೇ ಇದ್ದಾರೆ. ಈ ಬರಹ ಅವರಿಗೆ ಮತ್ತು ಅವರ ಮನೆಯವರಿಗೆ.

ಊಟದ ಜೊತೆಗಿನ ಈ ಜಗಳವನ್ನು ವೈದ್ಯರು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಊಟವನ್ನೇ ತೊರೆಯುವುದು ಅನೊರೆಕ್ಸಿಯಾ. ವಿಪರೀತ ತಿಂದು ಅದನ್ನು ವಾಂತಿಯಿಂದಲೋ ಉಪವಾಸದಿಂದಲೋ ಕಳೆಯಲು ಹೊರಡುವುದು ಬುಲಿಮಿಯಾ. ಕೈ ತಡೆಯಲಾಗದೆ ತಿಂದು ನಾಚಿಕೆಯಲ್ಲಿ ಮುಳುಗುವುದು ಬಿಂಜ್ ಈಟಿಂಗ್. ಬಿಂಜ್ ಈಟಿಂಗ್‌ಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿದ್ದೇ 2013ರಲ್ಲಿ. ನಮ್ಮಲ್ಲಿ ಇವು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು, ಏಕಾದಶಿಗೆ ನಿರಾಹಾರ ಎಂದರೆ ಯಾರೂ ಪ್ರಶ್ನಿಸುವುದಿಲ್ಲ, ಮೆಚ್ಚಿಕೊಳ್ಳುವವರೇ ಹೆಚ್ಚು. ವ್ರತ ಮಾಡುವವರಿಗೆಲ್ಲ ಕಾಯಿಲೆಯಿದೆ ಎಂದು ನಾನು ಹೇಳುತ್ತಿಲ್ಲ. ವ್ರತದ ದಿನ ವಾರಕ್ಕೊಂದರಿಂದ ಮೂರಕ್ಕೆ, ನಾಲ್ಕಕ್ಕೆ ಏರುತ್ತಾ ಹೋದರೆ, ಪಾರಣೆಯ ಊಟಕ್ಕೆ ಕೂರಲೂ ಭಯವಾದರೆ, ಅದು ದೇವರಿಗೆ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲವೆಂದೇ ತಿಳಿಯಬೇಕು.

ಮೊದಲ ಹೆಜ್ಜೆ: ಐದು ಪ್ರಶ್ನೆ

1999ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ ‘ಸ್ಕಾಫ್’ ಎಂಬ ಪುಟ್ಟ ಪರೀಕ್ಷೆಯೊಂದಿದೆ. ಅದರ ಪ್ರಶ್ನೆಗಳು ಸರಿಸುಮಾರು ಹೀಗಿವೆ. ಹೊಟ್ಟೆ ಬಿರಿಯುವಷ್ಟು ತುಂಬಿದೆ ಎನಿಸಿ ನೀವಾಗಿಯೇ ವಾಂತಿ ಮಾಡಿಕೊಳ್ಳುತ್ತೀರಾ? ಎಷ್ಟು ತಿನ್ನುತ್ತೇನೆ ಎಂಬುದು ಕೈಮೀರಿದೆ ಎಂಬ ಚಿಂತೆ ಇದೆಯಾ? ಕಳೆದ ಮೂರು ತಿಂಗಳಲ್ಲಿ 6 ಕಿಲೊಗಿಂತ ಹೆಚ್ಚು ತೂಕ ಇಳಿದಿದೆಯಾ? ಉಳಿದವರು ತೆಳ್ಳಗಿದ್ದೀಯ ಎಂದರೂ ನಿಮಗೆ ನೀವು ದಪ್ಪ ಕಾಣುತ್ತೀರಾ? ಊಟದ ಯೋಚನೆಯೇ ನಿಮ್ಮ ಬದುಕನ್ನು ಆಳುತ್ತಿದೆಯಾ? ಎರಡಕ್ಕೆ ‘ಹೌದು’ ಎಂದರೂ ಡಯಟ್ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಬೇಕು. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಅವರು.

ಎರಡನೆಯ ಹೆಜ್ಜೆ: ಯಾರು ಶುರು ಮಾಡಲೇಬಾರದು

ತೂಕ ತೀರಾ ಕಡಿಮೆ ಇರುವವರು, ಅನೊರೆಕ್ಸಿಯಾ ಇರುವವರು ಅಥವಾ ಈಚೆಗಷ್ಟೇ ಅದರಿಂದ ಚೇತರಿಸಿಕೊಂಡವರು, ಈಗಲೂ ವಾಂತಿ ಮಾಡಿಕೊಳ್ಳುತ್ತಿರುವವರು ಅಥವಾ ಭೇದಿ ಮಾತ್ರೆ ನುಂಗುತ್ತಿರುವವರು, ಬಸುರಿ ಬಾಣಂತಿಯರು, ಬೆಳೆಯುವ ಮಕ್ಕಳು ಲೋ ಕಾರ್ಬ್ ಡಯಟ್ ಮಾಡಲೇಬಾರದು. ಮೇಲಿಂದ ಮೇಲೆ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಹದ ತಪ್ಪಬಹುದು. ಬಹುಕಾಲ ಉಪವಾಸವಿದ್ದವರು ಒಮ್ಮೆಲೇ ಭರ್ತಿ ಊಟ ಶುರು ಮಾಡಿದರೂ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೆ ಅಪಾಯ. ಅಂಥವರ ಊಟವನ್ನು ಆಸ್ಪತ್ರೆಯ ನಿಗಾದಲ್ಲಿ ಹಂತಹಂತವಾಗಿ ಏರಿಸಬೇಕಾಗುತ್ತದೆ.

ಶುಗರ್ ಇರುವವರಿಗೆ ಬೇರೆ ಅಪಾಯಗಳಿವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಪ್ರಮಾಣ ಹಾಗೆಯೇ ಇಟ್ಟು ಅನ್ನ ಮಾತ್ರ ಇಳಿಸಿದರೆ ಶುಗರ್ ದಿಢೀರ್ ಕುಸಿದು ಪ್ರಜ್ಞೆ ತಪ್ಪಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ಪಿಷ್ಟವನ್ನು ತೀರಾ ತಗ್ಗಿಸಿದರೆ, ಮೀಟರಿನಲ್ಲಿ ಶುಗರ್ ಹೆಚ್ಚಾಗಿ ಕಾಣದಿದ್ದರೂ ರಕ್ತ ಆಮ್ಲೀಯವಾಗುವ ಕೀಟೊಅಸಿಡೋಸಿಸ್ ಬರಬಹುದು. ತೂಕ ಇಳಿಯಲೆಂದು ಇನ್ಸುಲಿನ್ ಡೋಸ್ ತಪ್ಪಿಸುವ, ಟೈಪ್ 1 ಮಧುಮೇಹದ ಮಕ್ಕಳೂ ಇದ್ದಾರೆ. ಅದು ಎಲ್ಲಕ್ಕಿಂತ ಅಪಾಯದ ಆಟ. ಮನೆಯಲ್ಲಿ ಹಾಗಾಗುತ್ತಿದೆ ಎಂಬ ಅನುಮಾನ ಬಂದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮೂರನೆಯ ಹೆಜ್ಜೆ: ತಾಲ್ಲೂಕು ಆಸ್ಪತ್ರೆ

ಈ ಕಾಯಿಲೆ ತೋರಿಸಲು ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂದು ಕೈಚೆಲ್ಲಬೇಡಿ. ಶಿಕಾರಿಪುರ, ಸೊರಬ ಎರಡೂ ಊರಿನಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಯಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹೆಚ್ಚಿನ ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಶಿಕಾರಿಪುರದಿಂದ ಸುಮಾರು 50 ಕಿ.ಮೀ., ಸೊರಬದವರಿಗೆ ಇನ್ನಷ್ಟು ದೂರ.

ಮನೋವೈದ್ಯರ ಹತ್ತಿರ ಹೋದರೆ ಜನ ಏನಂದಾರು ಎಂಬ ಅಳುಕು ಬೇಡ. ಶಿವಮೊಗ್ಗದಲ್ಲಿ ಮಾನಸ ಆಸ್ಪತ್ರೆ ಕಟ್ಟಿದ, ‘ಕಾಡಿನ ಬೆಂಕಿ’ ಸಿನಿಮಾದ ಹಿಂದಿದ್ದ, 2016ರಲ್ಲಿ ತೀರಿಕೊಂಡ ಮನೋವೈದ್ಯ ಡಾ. ಕೆ.ಎ. ಅಶೋಕ ಪೈ ಈ ಅಳುಕು ಕಳೆಯಲೆಂದೇ ಕನ್ನಡದಲ್ಲಿ ಬರೆದರು, ಊರೂರಲ್ಲಿ ಮಾತಾಡಿದರು. ಅವರ ಜಿಲ್ಲೆಯವರು ನಾವು.

ವೈದ್ಯರ ಮುಂದೆ ಕೂತಾಗ ‘ಸುಸ್ತು’ ಎಂದಷ್ಟೇ ಹೇಳಿ ಎದ್ದು ಬರಬೇಡಿ. ‘ತಿನ್ನೋದು ಕೈಮೀರ್ತಾ ಇದೆ, ಆಮೇಲೆ ವಾಂತಿ ಮಾಡ್ತೀನಿ’ ಎಂದು ನೇರವಾಗಿ ಹೇಳಿ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನುಂಗುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಬಿಪಿ, ನಾಡಿ, ಹಿಮೋಗ್ಲೋಬಿನ್, ಥೈರಾಯ್ಡ್, ಮೂರು ತಿಂಗಳ ಶುಗರ್ ಹೇಳುವ ಎಚ್‌ಬಿಎ1ಸಿ, ಪೊಟ್ಯಾಸಿಯಂ ಮೊದಲಾದ ಲವಣಗಳು, ಬೇಕೆನಿಸಿದರೆ ಇಸಿಜಿ, ಇಷ್ಟು ನೋಡದೆ ಯಾವ ಡಯಟ್ಟನ್ನೂ ಶುರು ಮಾಡಬಾರದು.

ನಾಲ್ಕನೆಯ ಹೆಜ್ಜೆ: ಕಡಿಮೆ ಮಾಡುವುದಕ್ಕಿಂತ ಮೊದಲು ಹೊತ್ತಿಗೆ ಸರಿಯಾಗಿ ಉಣ್ಣಿ

ಬಹಳ ಮಂದಿ ಹಾರಿಬಿಡುವ ಹೆಜ್ಜೆಯಿದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಬಿಂಜ್ ಈಟಿಂಗ್‌ಗೆ ಚಿಕಿತ್ಸೆ ನಡೆಯುವಾಗ ತೂಕ ಇಳಿಸುವ ಡಯಟ್ ಬೇಡ, ಅದು ವಿಪರೀತ ತಿನ್ನುವುದನ್ನೇ ಕೆಣಕುತ್ತದೆ ಎಂದು ಬ್ರಿಟನ್ನಿನ ‘ನೈಸ್’ ಸಂಸ್ಥೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಹಳೆಯ ಪ್ರಯೋಗವೊಂದರಲ್ಲೇ ಕಾಣುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟು ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಮನಸ್ಸು ನೆಟ್ಟಗಿದ್ದ ಆ ಹುಡುಗರು ಹಗಲೂ ರಾತ್ರಿ ಊಟದ ಧ್ಯಾನದಲ್ಲೇ ಬಿದ್ದರು, ಅಡುಗೆ ಪುಸ್ತಕ ಓದತೊಡಗಿದರು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲೇ ಆಗಲಿಲ್ಲ. ಹಸಿದ ದೇಹ ಹಾಗೆ ನಡೆದುಕೊಳ್ಳುತ್ತದೆ. ರಾತ್ರಿ ಪಾತ್ರೆಗೆ ಕೈ ಹಾಕಿದವರನ್ನು ಜೋರು ಮಾಡುವ ಮೊದಲು ಅವರು ಹಗಲು ಏನು ಉಂಡಿದ್ದರು ಎಂದು ಕೇಳಿ.

ಆದ್ದರಿಂದ ಮೊದಲ ಕೆಲವು ವಾರ ಏನನ್ನೂ ಬಿಡಬೇಡಿ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಏನಾದರೂ ಸ್ವಲ್ಪ, ರಾತ್ರಿ ಊಟ, ಇವು ದಿನವೂ ಅದೇ ಹೊತ್ತಿಗೆ ಆಗಲಿ. ಎರಡರ ನಡುವೆ ಮೂರು-ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಎಲ್ಲರಿಗೂ ಬಡಿಸಿ ಕೊನೆಗೆ ಮೂರೂವರೆಗೆ ಉಣ್ಣುವ ರೂಢಿ ನಮ್ಮ ಹೆಣ್ಣುಮಕ್ಕಳಿಗಿದೆ. ಈ ಕಾಯಿಲೆ ಇರುವವರು ಅದನ್ನು ಬಿಡಲೇಬೇಕು, ಮನೆಯವರು ಬಿಡಿಸಲೇಬೇಕು. ಸಂಜೆ ಐದೂವರೆಯ ಹೊತ್ತಂತೂ ಕಠಿಣ. ಆಗ ಹೊಟ್ಟೆಗೆ ಏನೂ ಹಾಕದಿದ್ದರೆ ರಾತ್ರಿ ಊಟ ಹದ ತಪ್ಪುತ್ತದೆ. ಬರೀ ಮಂಡಕ್ಕಿಗೆ ಕೈ ಹೋದರೆ ಡಬ್ಬಿ ಬರಿದಾದರೂ ಹೊಟ್ಟೆ ನಿಲ್ಲುವುದಿಲ್ಲ. ಅದೇ ಮಂಡಕ್ಕಿಗೆ ಶೇಂಗಾ, ಹುರಿಗಡಲೆ, ಈರುಳ್ಳಿ, ಸೌತೆಕಾಯಿ ಬೆರೆಸಿ ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ. ಮಂಡಕ್ಕಿ ಬಿಡಬೇಕಾಗಿಲ್ಲ. ಡಬ್ಬಿಯಿಂದಲೇ ನಿಂತು ತಿನ್ನುವುದನ್ನು ಬಿಟ್ಟರೆ ಸಾಕು.

ಐದನೆಯ ಹೆಜ್ಜೆ: ತಟ್ಟೆ

ಹೊತ್ತಿನ ಊಟ ರೂಢಿಯಾಗಿ, ವಿಪರೀತ ತಿನ್ನುವುದು ಹತೋಟಿಗೆ ಬಂದು, ‘ಇನ್ನು ಮಾಡಬಹುದು’ ಎಂದು ವೈದ್ಯರು ಹೇಳಿದ ಮೇಲಷ್ಟೇ ಈ ಹೆಜ್ಜೆ. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟದಿಂದಲೇ ಬರುತ್ತದೆ ಎಂದು ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಹೇಳಿದೆ. ಧಾನ್ಯಗಳ ಪಾಲು ಶೇ 45 ಮೀರದಿರಲಿ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆ. ಅಂದರೆ ಅನ್ನ ಒಂದಿಷ್ಟು ಇಳಿದು ಕಾಳು, ತರಕಾರಿ ಏರಿದರೂ ನಮಗೆ ಅದು ದೊಡ್ಡ ಬದಲಾವಣೆಯೇ. ಅನ್ನ ಪೂರಾ ಬಿಡಿಸುವ ಕೀಟೊ, ಈಟಿಂಗ್ ಡಿಸಾರ್ಡರ್ ಇರುವವರಿಗೆ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ‘ಇದನ್ನು ಮುಟ್ಟಲೇಬಾರದು’ ಎಂಬ ಪಟ್ಟಿ ಬೆಳೆದಷ್ಟೂ ಅದನ್ನೇ ಕದ್ದು ತಿನ್ನುವ ರಾತ್ರಿಗಳು ಹೆಚ್ಚುತ್ತವೆ. ಇಲ್ಲಿ ಕ್ಯಾಲೊರಿ ಪಟ್ಟಿ, ಗ್ರಾಂ ಲೆಕ್ಕ ಕೊಡದಿರುವುದೂ ಇದೇ ಕಾರಣಕ್ಕೆ. ಎಣಿಸುವ ಚಟ ಹತ್ತಿದವರಿಗೆ ಇನ್ನೊಂದು ಲೆಕ್ಕದ ಪುಸ್ತಕ ಬೇಡ.

ಒಂದು ತಟ್ಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೊದಲು ಬೀಳಬೇಕಾದದ್ದು ಪಲ್ಯ. ಹರಿವೆ, ಬಸಳೆ, ಹೀರೆಕಾಯಿ, ಮಳೆಗಾಲದಲ್ಲಿ ಕಳಲೆ, ಯಾವುದಾದರೂ ಸರಿ, ಅರ್ಧ ತಟ್ಟೆಯಷ್ಟು. ಆಮೇಲೆ ಹೆಸರುಕಾಳಿನ ಉಸಲಿ ಅಥವಾ ಕಡಲೆಕಾಳಿನ ಗಟ್ಟಿ ಸಾರು, ತಿನ್ನುವ ಮನೆಯಾದರೆ ಮೊಟ್ಟೆ, ಕೆರೆಮೀನು, ಕೋಳಿ. ಅನ್ನ ಮೂರನೆಯದಾಗಿ ಬೀಳಲಿ, ಕಾಲು ತಟ್ಟೆಯಷ್ಟು. ಕೊನೆಗೆ ಮಜ್ಜಿಗೆ ಅಥವಾ ಒಂದೆಲಗದ ತಂಬುಳಿ. ಅನ್ನ ಮೊದಲು ಬಡಿಸಿ, ಅದು ಮುಗಿಯುವಷ್ಟು ಸಾರು ಹಾಕುವ ನಮ್ಮ ಕ್ರಮ ತಿರುಗಿದರೆ ಅರ್ಧ ಕೆಲಸ ಆದಂತೆ. ಹುರುಳಿ ಬೇಯಿಸಿದ ಮನೆಯಲ್ಲಿ ಕಟ್ಟಿನ ಸಾರು ಮಾಡಿ ಕಾಳನ್ನು ದನಕ್ಕೆ ಹಾಕಬೇಡಿ, ಪಲ್ಯ ಮಾಡಿ. ಸತ್ವ ಇರುವುದು ಕಾಳಿನಲ್ಲಿ. ಬೆಳಿಗ್ಗೆ ಅಕ್ಕಿ ರೊಟ್ಟಿಯ ಹಿಟ್ಟಿಗೆ ಸೊಪ್ಪು, ತುರಿದ ಸೌತೆ ಕಲಸಿ, ನೆಂಚಿಕೊಳ್ಳಲು ಶೇಂಗಾ ಅಥವಾ ಗುರೆಳ್ಳು ಚಟ್ನಿಪುಡಿ, ಮೊಸರು ಇಟ್ಟುಕೊಂಡರೆ ಕಡಿಮೆ ರೊಟ್ಟಿಗೇ ಹೊಟ್ಟೆ ತುಂಬುತ್ತದೆ.

ಅನ್ನದ ಬದಲು ಮುದ್ದೆ, ಜೋಳದ ರೊಟ್ಟಿ ಎಷ್ಟಾದರೂ ತಿನ್ನಬಹುದು ಎಂಬ ನಂಬಿಕೆ ಸರಿಯಲ್ಲ. ಬಿಳಿ ಅಕ್ಕಿಗೆ ಹೋಲಿಸಿದರೆ ರಾಗಿ, ಜೋಳದಲ್ಲಿ ಪಿಷ್ಟ ತುಸು ಮಾತ್ರ ಕಡಿಮೆ. ನಾರು ಹೆಚ್ಚು, ಅಷ್ಟರ ಮಟ್ಟಿಗೆ ಒಳ್ಳೆಯದು. ಬದಲಾವಣೆ ವಾರಕ್ಕೊಂದು ಇರಲಿ. ಈ ವಾರ ಮಧ್ಯಾಹ್ನದ ತಟ್ಟೆ, ಮುಂದಿನ ವಾರ ಸಂಜೆಯ ಚಹಾದ ಸಕ್ಕರೆ. ನಾಟಿ, ಕೊಯ್ಲಿನ ದಿನಗಳಲ್ಲಿ ಅನ್ನ ಇಳಿಸುವ ಗೊಡವೆಗೇ ಹೋಗಬೇಡಿ. ಗದ್ದೆಯಲ್ಲಿ ಬಗ್ಗಿ ದುಡಿಯುವ ಮೈಗೆ ಅದು ಬೇಕು.

ಹಬ್ಬದ ದಿನ ಏನು ಮಾಡುವುದು? ಉಣ್ಣುವುದು. ಭೂಮಿ ಹುಣ್ಣಿಮೆಯಂದು ಬಸುರಿ ಭೂಮಿತಾಯಿಗೆ ಬಯಕೆ ಬಡಿಸಲು ಬುತ್ತಿ ಹೊತ್ತು ಗದ್ದೆಗೆ ಹೋಗುವ ಸೀಮೆಯಿದು. ಎಲ್ಲರೊಡನೆ ಕೂತು ಕಡುಬು, ಪಾಯಸ ಉಣ್ಣಿ. ಹಬ್ಬದೂಟಕ್ಕೆಂದು ಬೆಳಗಿನ ತಿಂಡಿ ಬಿಡಬೇಡಿ, ಮರುದಿನ ಉಪವಾಸ ಮಾಡಬೇಡಿ.

ಕೈಮೀರಿದ ದಿನ

ಒಮ್ಮೆ ವಿಪರೀತ ತಿಂದದ್ದಾಯಿತು ಎನ್ನಿ. ಮುಂದಿನ ಊಟ ಅದರ ಹೊತ್ತಿಗೇ ಆಗಬೇಕು, ಇದೊಂದನ್ನು ಗಟ್ಟಿಯಾಗಿ ಹಿಡಿಯಿರಿ. ವಾಂತಿಯಾಗಿದ್ದರೆ ಬಾಯಿ ಮುಕ್ಕಳಿಸಿ, ಹಲ್ಲುಜ್ಜಲು ಅರ್ಧ ಗಂಟೆ ಕಾಯಿರಿ. ಹೊಟ್ಟೆಯ ಆಮ್ಲ ತಾಗಿದ ಹಲ್ಲನ್ನು ಕೂಡಲೇ ಉಜ್ಜಿದರೆ ಸವೆಯುತ್ತದೆ. ಒಆರ್‌ಎಸ್ ಕುಡಿಯಿರಿ. ಏನು ತಿಂದಿರಿ ಎನ್ನುವುದಕ್ಕಿಂತ ಅದಕ್ಕೆ ಮುಂಚೆ ಏನು ನಡೆದಿತ್ತು ಎಂಬುದನ್ನು ಎರಡು ಸಾಲು ಬರೆದಿಟ್ಟುಕೊಳ್ಳಿ. ಹಸಿವೋ, ಜಗಳವೋ, ಯಾರದೋ ಮಾತೋ, ಆಪ್ತಸಮಾಲೋಚಕರಿಗೆ ಬೇಕಾದದ್ದು ಅದೇ. ತೂಕದ ಯಂತ್ರ ಮನೆಯಲ್ಲಿದ್ದರೆ ಯಾರಿಗಾದರೂ ಕೊಟ್ಟುಬಿಡಿ. ತೂಕ ನೋಡುವುದು ಆಸ್ಪತ್ರೆಯಲ್ಲಿ ಆಗಲಿ.

ಮನೆಯವರಿಗೆ ಒಂದು ಮಾತು. ‘ಎಷ್ಟು ಊದ್ಕೊಂಡಿದೀಯಲ್ಲೇ’ ಎಂಬುದೂ, ‘ಪರ್ವಾಗಿಲ್ಲ, ಇಳಿದು ಚಂದಾಗಿದೀಯ’ ಎಂಬುದೂ ಒಂದೇ ಥರ ಚುಚ್ಚುತ್ತವೆ. ಮೈ ಬಗ್ಗೆ ಮಾತೇ ಬೇಡ. ತಟ್ಟೆಯನ್ನು ದಿಟ್ಟಿಸಬೇಡಿ, ಜೊತೆಗೆ ಕೂತು ಉಣ್ಣಿ. ಒಬ್ಬರಿಗೆಂದು ಬೇರೆ ಅಡುಗೆ ಮಾಡುವ ಬದಲು ಎಲ್ಲರ ತಟ್ಟೆಗೂ ಪಲ್ಯ, ಕಾಳು ಹೆಚ್ಚು ಬಡಿಸಿ. ಹದಿಹರೆಯದ ಮಕ್ಕಳಿಗಂತೂ ಹೆತ್ತವರು ಜೊತೆಗೆ ಕೂತು ಉಣಿಸುವುದೇ ಚಿಕಿತ್ಸೆಯ ದೊಡ್ಡ ಭಾಗ.

ತಿನ್ನುವ ಯೋಚನೆ ಮತ್ತೆ ದಿನವನ್ನೆಲ್ಲ ನುಂಗತೊಡಗಿದರೆ, ಊಟ ಬಿಡುವ ಆಸೆ ಮರುಕಳಿಸಿದರೆ, ಮುಟ್ಟು ನಿಂತರೆ ಡಯಟ್ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ತಲೆಸುತ್ತಿ ಬಿದ್ದರೆ, ಎದೆ ಡವಡವ ಎಂದರೆ, ವಾಂತಿಯಲ್ಲಿ ರಕ್ತ ಕಂಡರೆ 108ಕ್ಕೆ ಕರೆ ಮಾಡಿ ತಡಮಾಡದೆ ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಎನಿಸಿದ ರಾತ್ರಿ, ಅಥವಾ ಯಾರ ಬಳಿ ಹೇಳಿಕೊಳ್ಳುವುದೆಂದು ತೋಚದಿದ್ದಾಗ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.