ದಿನದ ಧಮ್ಮ ಚಿಂತನೆ: ಹಳೇ ಗಾಡಿ, ಹೊಸ ಆಸೆ





ಇಂದಿನ ಪಾಠ ನನ್ನ ಮನೆಯ ಅಂಗಳದಿಂದಲೇ ಶುರು.

ನನ್ನ ಸ್ಪ್ಲೆಂಡರ್ 2012ರದು. ಕನ್ನೊಳ್ಳಿಯಿಂದ ಸಿಂದಗಿ, ಸಿಂದಗಿಯಿಂದ ಕನ್ನೊಳ್ಳಿ ಅಂತ ದಿನಾ ಓಡಿ ಓಡಿ ಈಗ ಹೊಗೆ ಬಿಡುತ್ತಿದೆ. ಎಂಜಿನ್ ಬಿಚ್ಚಬೇಕು, 9,000 ರೂಪಾಯಿ ಆಗುತ್ತದೆ ಎಂದ ಮೆಕ್ಯಾನಿಕ್. ಅಕ್ಕನ ಮಗ ಪಕ್ಕದಲ್ಲೇ ಇದ್ದ.

"ಮಾವ, ಅದಕ್ಕ ರೊಕ್ಕ ಹಾಕೋದಾದ್ರ ಪೂರಾ ಮಾಡಸ್ರಿ. ಸೈಲೆನ್ಸರ್, ಹ್ಯಾಂಡಲ್, ಅಲಾಯ್ ಎಲ್ಲಾ ಚೇಂಜ್. 20,000ದಾಗ ಗಾಡಿ ಗುರುತ ಸಿಗಂಗಿಲ್ಲ. ಇಲ್ಲಂದ್ರ ಎಕ್ಸ್‌ಚೇಂಜ್ ಕೊಟ್ಟು ಬುಲೆಟ್ ತಗೋರಿ. ಏಪ್ರಿಲ್ 14ರ ರ‍್ಯಾಲಿಯಾಗ ಮುಂದ ನೀವ ಇರಬೇಕು."

ನಿಜ ಹೇಳುತ್ತೇನೆ, ಬುಲೆಟ್ ಎಂದ ಕೂಡಲೇ ಮನಸ್ಸು ಕುಣಿಯಿತು. ಅದಕ್ಕೆ ಕಾರಣವೂ ಇದೆ. ನಮ್ಮಪ್ಪ ದುಡಿಯಲು ಹೋಗುತ್ತಿದ್ದ ಊರೊಂದರಲ್ಲಿ ಒಂದು ಓಣಿ ಬಂದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಆ ಓಣಿಯಲ್ಲಿ ಗುಡುಗುಡು ಎಂದು ಬುಲೆಟ್ ಓಡಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಇದು ತಣ್ಹಾ, ಇದನ್ನು ಬಿಡಬೇಕು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದೇ? ನನಗೆ ಹಾಗನ್ನಿಸುವುದಿಲ್ಲ. ಇದ್ದುದರಲ್ಲೇ ತೃಪ್ತರಾಗಿರಿ ಎಂಬ ಮಾತನ್ನು ನಮ್ಮ ಹಿರಿಯರಿಗೆ ಸಾವಿರಾರು ವರ್ಷ ಹೇಳಿದ್ದಾರೆ. ಬುದ್ಧರು ಬಡತನವನ್ನು ಹೊಗಳಲಿಲ್ಲ, ನ್ಯಾಯವಾಗಿ ಗಳಿಸಿದ ಸಂಪತ್ತನ್ನು ಬೇಡವೆನ್ನಲಿಲ್ಲ ಎಂಬುದನ್ನು ಬಾಬಾಸಾಹೇಬರು ನಮಗೆ ತಿಳಿಸಿಕೊಟ್ಟರು. ಆಸೆಪಡುವ ಹಕ್ಕು ನಮಗಿದೆ. ಆದರೆ ಅದನ್ನು ಪರೀಕ್ಷಿಸುವ ಹೊಣೆಯೂ ನಮ್ಮದೇ.

*ಚಾಳೀಸಗಾಂವದ ಟಾಂಗಾ*

1929ರಲ್ಲಿ ಬಾಬಾಸಾಹೇಬರು ಖಾನ್‌ದೇಶದ ಚಾಳೀಸಗಾಂವಕ್ಕೆ ಹೋದಾಗ ಅಲ್ಲಿನ ನಮ್ಮ ಜನ ಅವರನ್ನು ಉಳಿಸಿಕೊಂಡರು. ಅತಿಥಿಯನ್ನು ನಡೆಸಿಕೊಂಡು ಹೋಗುವುದು ಗೌರವವಲ್ಲ ಎಂದು ಟಾಂಗಾ ಹುಡುಕಿದರು. ಟಾಂಗಾದವರು ಅಸ್ಪೃಶ್ಯರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಕಡೆಗೆ ಗಾಡಿ ಮಾತ್ರ ಬಾಡಿಗೆಗೆ ಸಿಕ್ಕಿತು. ಎಂದೂ ಟಾಂಗಾ ಹೊಡೆಯದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವೆಯ ಮೇಲೆ ಗಾಡಿ ಆಯ ತಪ್ಪಿತು. ಕುದುರೆ, ಗಾಡಿ ಹೊಳೆಗೆ ಬಿದ್ದವು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು.

ಮುಂದೆ ಇದನ್ನು ಬರೆಯುವಾಗ ಅವರು ತಮ್ಮ ಜನರನ್ನು ಬೈಯಲಿಲ್ಲ. ಆದರೆ ಅತಿಥಿಯ ಗೌರವದ ಯೋಚನೆಯಲ್ಲಿ ಅವನ ಸುರಕ್ಷತೆ ಮರೆತುಹೋಯಿತು ಎಂಬುದನ್ನು ಗುರುತಿಸಿದರು.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಹುಡುಗರು ನೆನಪಾಗುತ್ತಾರೆ. ಸೈಲೆನ್ಸರ್ ಕಿತ್ತ ಗಾಡಿ, ಮೂವರ ಸವಾರಿ, ತಲೆಗೆ ನೀಲಿ ಪಟ್ಟಿ ಇದೆ, ಹೆಲ್ಮೆಟ್ ಇಲ್ಲ. ಕಂಪನಿ ಕೊಟ್ಟ ಗಾಡಿಯ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಕರ್ಕಶ ಸದ್ದಿಗೂ ದಂಡವಿದೆ. ಸಂವಿಧಾನ ಬರೆದವರ ಮಕ್ಕಳು ನಾವು. ಅವರ ಜಯಂತಿಯ ದಿನವೇ ಕಾನೂನು ಮುರಿಯುವುದು ಹೇಗೆ?

*ದೀಘಜಾಣುವಿನ ತಕ್ಕಡಿ*

ಕೋಲಿಯರ ದೀಘಜಾಣು ಎಂಬ ಗೃಹಸ್ಥ ಬುದ್ಧರ ಬಳಿ ಬಂದು, ಹೆಂಡತಿ ಮಕ್ಕಳೊಂದಿಗೆ ಬದುಕುವ ನಮ್ಮಂಥವರಿಗೆ ಹಿತವಾದುದನ್ನು ಹೇಳಿ ಎಂದು ಕೇಳಿದ. ಬುದ್ಧರು ಹೇಳಿದ್ದರಲ್ಲಿ ಒಂದು ಸಮಜೀವನ. ತಕ್ಕಡಿ ಹಿಡಿದವನು ಯಾವ ಕಡೆ ಎಷ್ಟು ವಾಲಿದೆ ಎಂದು ನೋಡುವಂತೆ ಆದಾಯ, ಖರ್ಚು ಎರಡನ್ನೂ ನೋಡಿ ಬದುಕಬೇಕು. ದುಂದೂ ಬೇಡ, ಜಿಪುಣತನವೂ ಬೇಡ.

ನಾನೂ ತಕ್ಕಡಿ ಹಿಡಿದೆ. ಹಳೇ ಗಾಡಿ ಕೊಟ್ಟು, ಕೈಯಿಂದ ಒಂದಿಷ್ಟು ಹಾಕಿದರೂ 1,80,000 ಸಾಲ. ತಿಂಗಳಿಗೆ 6,000ದಂತೆ 36 ಕಂತು, ಒಟ್ಟು 2,16,000. ಬಡ್ಡಿಯೇ 36,000. ಈ ವರ್ಷ ಮಗಳು ಪಿ.ಯು. ಓದಲು ವಿಜಯಪುರಕ್ಕೆ ಹೋಗಬೇಕು.

ಮನೆಯಾಕೆಯನ್ನು ಕೇಳಿದೆ. "ಹಿಂದ ಕೂಡಾಕಿ ನಾ. ಇಷ್ಟು ದಿನ ನನ್ನ ಯಾರರ ಕೇಳೀರೇನು? ನನಗ ಬ್ರೇಕ್ ಚಲೋ ಇದ್ರ ಸಾಕು" ಎಂದಳು. ನಮ್ಮವ್ವನಂತೂ ಸ್ಪ್ಲೆಂಡರ್ ಹತ್ತುವುದಕ್ಕೇ ನನ್ನ ಹೆಗಲು ಹಿಡಿಯುತ್ತಾಳೆ. ಬುಲೆಟ್ 190 ಕೆ.ಜಿ.ಗಿಂತ ಹೆಚ್ಚು ತೂಕ, ಸೀಟೂ ಎತ್ತರ.

ಕಡೆಗೆ ಎಂಜಿನ್ ಮಾಡಿಸಿದೆ. ಹಿಂದಿನ ಟೈರ್, ಬ್ರೇಕ್ ಶೂ, ಚೈನ್ ಸೆಟ್ ಹೊಸದು ಹಾಕಿಸಿದೆ. ಎರಡು ಹೆಲ್ಮೆಟ್ ತಂದೆ. ಎಲ್ಲ ಸೇರಿ 15,500 ಆಯಿತು.

ಆನಂದರಿಗೆ ಕೋಸಂಬಿಯ ಅರಮನೆಯಿಂದ 500 ಚೀವರ ಬಂದಾಗ ರಾಜ ಉದೇನ, ಇಷ್ಟೊಂದನ್ನು ಏನು ಮಾಡುತ್ತೀರಿ ಎಂದು ಕೇಳಿದನಂತೆ. ಚೀವರ ಹರಿದವರಿಗೆ ಕೊಡುತ್ತೇವೆ ಎಂದರು ಆನಂದರು. ಹಳೆಯವು ಹಾಸಿಗೆಗೆ, ಅವೂ ಹಳತಾದರೆ ಕಾಲೊರಸಲು, ಕಡೆಗೆ ಮಣ್ಣಿನಲ್ಲಿ ಕಲಸಿ ನೆಲ ಮೆತ್ತಲು. ವಸ್ತುವನ್ನು ಪೂರ್ತಿ ಬಳಸುವುದು ಬಡತನದ ಗುರುತಲ್ಲ. ಅದೂ ಒಂದು ವಿವೇಕ.

ಹಾಗಂತ ಯಾರೂ ಹೊಸ ಗಾಡಿ ಕೊಳ್ಳಬಾರದು ಎಂದಲ್ಲ. ದುಡಿಮೆಗೆ ಬೇಕಾದರೆ, ಹಳೆಯದು ಜೀವಕ್ಕೆ ಅಪಾಯವಾದರೆ, ಕೈಯಲ್ಲಿ ಹಣವಿದ್ದು ಸಂತೋಷಕ್ಕೆ ಬೇಕೆನಿಸಿದರೂ ಕೊಳ್ಳಿ, ಧೈರ್ಯವಾಗಿ ಓಡಿಸಿ. ಆದರೆ ಆ ಓಣಿಯವರು ನೋಡಲಿ ಎಂದು ನಾನು ಸಾಲ ಮಾಡಿದರೆ, ನನ್ನ ಗಾಡಿಯ ಹ್ಯಾಂಡಲ್ ಇನ್ನೂ ಅವರ ಕೈಯಲ್ಲೇ ಇದೆ ಎಂದಂತೆ.

ಬುಲೆಟ್ ಆಸೆ ಪೂರ್ತಿ ಹೋಗಿದೆಯೇ? ಇಲ್ಲ. ಹೋದ ವಾರ ಆ ಓಣಿಯಲ್ಲಿ ಸ್ಪ್ಲೆಂಡರ್ ಮೇಲೆಯೇ ಹೋದೆ, ಹಿಂದೆ ಮಗಳಿದ್ದಳು. ಇಳಿಯಲಿಲ್ಲ.

*ಇಂದಿನ ಅಭ್ಯಾಸ:* ಕೊಳ್ಳಬೇಕೆಂದಿರುವ ಒಂದು ವಸ್ತುವನ್ನು ನೆನೆದು ಮೂರು ಪ್ರಶ್ನೆ ಕೇಳಿಕೊಳ್ಳಿ.
1. ಇದು ಯಾರ ಕಣ್ಣಿಗಾಗಿ?
2. ಇದರ ಭಾರ ಮನೆಯಲ್ಲಿ ಯಾರ ಮೇಲೆ ಬೀಳುತ್ತದೆ?
3. ಇರುವುದನ್ನು ಪೂರ್ತಿ ಬಳಸಿದ್ದೇನೆಯೇ?

ಉತ್ತರವನ್ನು ಭಾನುವಾರದ ವಂದನೆಯ ನಂತರ ಹಂಚಿಕೊಳ್ಳೋಣ.

ಸಾಧು ಸಾಧು ಸಾಧು 🙏
ನಮೋ ಬುದ್ಧಾಯ, ಜೈ ಭೀಮ್