ಬಿಸಿಲಿನಲ್ಲಿ ದೀರ್ಘ ಟ್ರಯಥ್ಲಾನ್: ದೇಹಧರ್ಮ ಮತ್ತು ಮುನ್ನೆಚ್ಚರಿಕೆ

ಈಜು, ಸೈಕಲ್ ಸವಾರಿ ಹಾಗೂ ಓಟ ಎಂಬ ಮೂರು ಕ್ರೀಡೆಗಳನ್ನು ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೊಂದರಂತೆ ಪೂರೈಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಇದರ ದೀರ್ಘ ರೂಪವು 1978ರ ಫೆಬ್ರವರಿ 18ರಂದು ಹವಾಯಿ ದ್ವೀಪಸಮೂಹದ ಒವಾಹು ದ್ವೀಪದಲ್ಲಿ ಮೊದಲಾಯಿತು. ಅಂದು ಕಣಕ್ಕಿಳಿದ 15 ಮಂದಿಯಲ್ಲಿ 12 ಮಂದಿ ಗುರಿ ಮುಟ್ಟಿದರು. ‘ಐರನ್‌ಮ್ಯಾನ್’ ಎಂದು ಪ್ರಸಿದ್ಧವಾದ ಈ ಸ್ಪರ್ಧೆಯಲ್ಲಿ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್ ಸವಾರಿ ಮತ್ತು 42.2 ಕಿಲೋಮೀಟರ್ ಓಟ ಸೇರಿವೆ. ಇದರ ಅರ್ಧದಷ್ಟು ದೂರದ ಸ್ಪರ್ಧೆಯು 2019ರ ಅಕ್ಟೋಬರ್ 20ರಂದು ಗೋವೆಯ ಪಣಜಿಯ ಮಿರಾಮಾರ್ ಕಡಲತೀರದಲ್ಲಿ ನಡೆಯಿತು. ಅಲ್ಲಿಂದೀಚೆಗೆ ಕರ್ನಾಟಕ, ತೆಲಂಗಾಣ ಮೊದಲಾದ ರಾಜ್ಯಗಳ ಉದ್ಯೋಗಸ್ಥ ಯುವಕ ಯುವತಿಯರಲ್ಲಿಯೂ, ನಡುವಯಸ್ಸಿನವರಲ್ಲಿಯೂ ಈ ಕ್ರೀಡೆಯ ಆಸಕ್ತಿ ಬೆಳೆದಿದೆ.

ಆಸಕ್ತಿ ಸ್ವಾಗತಾರ್ಹವಾದುದೇ. ಆದರೆ ನಮ್ಮದು ಉಷ್ಣವಲಯದ ದೇಶ. ತಂಪು ಹವೆಯ ದೇಶಗಳಲ್ಲಿ ಸಿದ್ಧವಾದ ತರಬೇತಿಯ ಕೋಷ್ಟಕಗಳನ್ನು ಇಲ್ಲಿ ಯಥಾವತ್ತಾಗಿ ಅನುಸರಿಸುವುದು ಅಪಾಯಕರ. ಶ್ರಮದಿಂದ ಉಂಟಾಗುವ ಉಷ್ಣಾಘಾತವು ಆರೋಗ್ಯವಂತ ತರುಣರ ಪ್ರಾಣವನ್ನೂ ಕೆಲವೇ ಗಂಟೆಗಳಲ್ಲಿ ಅಪಹರಿಸಬಲ್ಲದು. ಅದೇ ವೇಳೆಗೆ, ತಿಳಿವಳಿಕೆಯಿಂದ ಬಹುಮಟ್ಟಿಗೆ ತಡೆಯಬಹುದಾದ ವಿಪತ್ತೂ ಇದೇ ಆಗಿದೆ.

ದೇಹದ ಉಷ್ಣ ವ್ಯವಹಾರ

ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಚಲನೆಗೆ ಬಳಸುತ್ತವೆ. ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಈ ಶಾಖವನ್ನು ರಕ್ತವು ಚರ್ಮದವರೆಗೆ ಹೊತ್ತು ತರುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದಾಗ ಶಾಖವನ್ನು ಹೊರಹಾಕಲು ಉಳಿಯುವ ಮುಖ್ಯ ಮಾರ್ಗ ಬೆವರೊಂದೇ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆರದೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ದೇಹಕ್ಕೆ ನೀರಿನ ನಷ್ಟವಾಗುವುದೇ ಹೊರತು ತಂಪು ದೊರೆಯುವುದಿಲ್ಲ.

ಇದರೊಡನೆ ಹೃದಯದ ಮೇಲೆ ಇಮ್ಮಡಿ ಹೊರೆ ಬೀಳುತ್ತದೆ. ಸ್ನಾಯುಗಳಿಗೂ ರಕ್ತ ಬೇಕು, ಚರ್ಮಕ್ಕೂ ಬೇಕು. ಬೆವರಿನ ಮೂಲಕ ರಕ್ತದ ದ್ರವಾಂಶವೂ ತಗ್ಗುತ್ತಿರುತ್ತದೆ. ಆದುದರಿಂದ ಅದೇ ವೇಗದಲ್ಲಿ ಓಡುತ್ತಿದ್ದರೂ ನಾಡಿಯ ಬಡಿತ ಗಂಟೆಯಿಂದ ಗಂಟೆಗೆ ಏರುತ್ತದೆ. ತಂಪು ದಿನದಂದು ಸಾಧ್ಯವಾದ ವೇಗವನ್ನು ಬಿಸಿ ದಿನದಂದೂ ಸಾಧಿಸಬೇಕೆಂದು ಹಟ ಹಿಡಿಯುವುದೇ ಅನೇಕ ಅನಾಹುತಗಳ ಮೂಲ.

ಮೂರು ಅಂಗಗಳಲ್ಲಿ ಓಟವೇ ಹೆಚ್ಚು ಅಪಾಯಕರ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವವನಿಗೆ ಅಷ್ಟೇ ವೇಗದ ಗಾಳಿ ಬೀಸಿದಂತಾಗಿ ಬೆವರು ಬೇಗ ಆರುತ್ತದೆ. ಸೈಕಲ್ಲಿನಿಂದ ಇಳಿದೊಡನೆ ಈ ಗಾಳಿ ತಗ್ಗುತ್ತದೆ. ಮುಂಜಾನೆ ಈಜಿನಿಂದ ಆರಂಭಿಸಿದವನು ಓಟಕ್ಕೆ ಬರುವ ಹೊತ್ತಿಗೆ ಸೂರ್ಯನೂ ನೆತ್ತಿಗೆ ಸಮೀಪಿಸಿರುತ್ತಾನೆ.

ಒಣ ಬಿಸಿಲು, ತೇವದ ಬಿಸಿಲು

ಹೈದರಾಬಾದಿನ ಮೆಹದಿಪಟ್ಟಣಂ ಬಡಾವಣೆಯನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳಬಹುದು. ನಗರದ ಪಶ್ಚಿಮ ಭಾಗದ ಈ ಜನನಿಬಿಡ ಬಡಾವಣೆಯ ಮೂಲಕ ಲಂಗರ್‌ಹೌಸ್, ಮೊಯಿನಾಬಾದ್, ಚೇವೆಳ್ಳಗಳನ್ನು ಹಾದು ವಿಜಯಪುರದತ್ತ ಸಾಗುವ ಹೆದ್ದಾರಿ ಇದೆ. ಸಾಲು ಆಲದ ಮರಗಳಿಗೆ ಹೆಸರಾದ ರಸ್ತೆ ಇದು. ಸೈಕಲ್ ಅಭ್ಯಾಸಕ್ಕೆ ಇನ್ನೊಂದು ಅನುಕೂಲವೂ ಉಂಟು. ನಗರದ ಹೊರವರ್ತುಲ ರಸ್ತೆಯ ಬದಿಯಲ್ಲಿ, ನಾನಕ್‌ರಾಮ್‌ಗುಡ, ನಾರ್ಸಿಂಗಿ, ಕೊಲ್ಲೂರು ಭಾಗದಲ್ಲಿ, ಸೌರಫಲಕಗಳನ್ನೇ ಚಾವಣಿಯಾಗಿ ಹೊದಿಸಿದ 23 ಕಿಲೋಮೀಟರ್ ಉದ್ದದ ಸೈಕಲ್ ಪಥವು 2023ರ ಅಕ್ಟೋಬರ್ 1ರಂದು ಉದ್ಘಾಟನೆಗೊಂಡಿತು.

ದಖನ್ ಪ್ರಸ್ಥಭೂಮಿಯ ಮೇಲಿರುವ ಈ ನಗರದಲ್ಲಿ ಮೇ ತಿಂಗಳ ಬಿಸಿಲು ತೀಕ್ಷ್ಣವಾದರೂ ಗಾಳಿ ಒಣಗಿರುತ್ತದೆ. ಕಲಬುರಗಿ, ರಾಯಚೂರು, ಬೀದರಗಳ ಬೇಸಿಗೆಯೂ ಇದೇ ಬಗೆಯದು. ಗೋವೆಯ ಕರಾವಳಿಯಲ್ಲಿ ಉಷ್ಣತೆಯ ಅಂಕಿ ಕಡಿಮೆ. ಆದರೆ ಗಾಳಿಯಲ್ಲಿ ತೇವಾಂಶ ಅಧಿಕ. ಇವೆರಡರಲ್ಲಿ ಯಾವುದು ಹೆಚ್ಚು ಕಠಿಣವೆಂಬುದನ್ನು ಸಾಮಾನ್ಯ ಉಷ್ಣಮಾಪಕ ತಿಳಿಸಲಾರದು. ಅದಕ್ಕಾಗಿ ಕ್ರೀಡಾ ವೈದ್ಯರು ಮೂರು ಅಳತೆಗಳನ್ನು ಕೂಡಿಸಿದ ಸೂಚ್ಯಂಕವನ್ನು ಬಳಸುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಅಳತೆಗೆ 10ರಲ್ಲಿ 7 ಭಾಗ, ಬಿಸಿಲಿನಲ್ಲಿಟ್ಟ ಕಪ್ಪು ಗೋಲದ ಅಳತೆಗೆ 2 ಭಾಗ, ನೆರಳಿನ ಗಾಳಿಯ ಉಷ್ಣತೆಗೆ 1 ಭಾಗ ಎಂಬುದು ಇದರ ಲೆಕ್ಕ.

ಊಹಾತ್ಮಕವಾದ ಎರಡು ದಿನಗಳನ್ನು ಹೋಲಿಸೋಣ. ಒಣ ಪ್ರದೇಶದಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್, ಒದ್ದೆ ಮಾಪಕದ್ದು 22, ಗೋಲದ್ದು 50 ಇದ್ದರೆ ಸೂಚ್ಯಂಕ 29.4 ಆಗುತ್ತದೆ. ಕರಾವಳಿಯಲ್ಲಿ ಗಾಳಿಯದು 32, ಒದ್ದೆ ಮಾಪಕದ್ದು 27, ಗೋಲದ್ದು 44 ಇದ್ದರೆ ಸೂಚ್ಯಂಕ 30.9 ಆಗುತ್ತದೆ. ಅಂದರೆ ಎಂಟು ಡಿಗ್ರಿ ತಂಪಾಗಿ ತೋರುವ ದಿನವೇ ಓಟಗಾರನಿಗೆ ಹೆಚ್ಚು ಕಠಿಣ. ಒಣ ಬಿಸಿಲನ್ನು ಸಹಿಸಿ ಬೆಳೆದವನು ಕರಾವಳಿಯ ಸ್ಪರ್ಧೆಯನ್ನು ಹಗುರವಾಗಿ ಎಣಿಸಬಾರದೆಂಬುದಕ್ಕೆ ಇಷ್ಟು ಸಾಕು.

ಒಣ ಹವೆಗೂ ತನ್ನದೇ ಆದ ಮೋಸವಿದೆ. ಅಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ನೀರಿನ ನಷ್ಟ ಅರಿವಿಗೆ ಬರುವುದಿಲ್ಲ. ಅಂಗಿಯ ಮೇಲೆ ಕಟ್ಟುವ ಬಿಳಿಯ ಉಪ್ಪಿನ ಗೆರೆಗಳೇ ಅದರ ಸಾಕ್ಷಿ.

ಉಷ್ಣಕ್ಕೆ ಒಗ್ಗಿಕೊಳ್ಳುವಿಕೆ

ದೇಹಕ್ಕೆ ಬಿಸಿ ಹವೆಯನ್ನು ಅಭ್ಯಾಸ ಮಾಡಿಸಲು ಸಾಧ್ಯ. ದಿನಕ್ಕೆ 60ರಿಂದ 90 ನಿಮಿಷಗಳಂತೆ 10ರಿಂದ 14 ದಿನ ಬಿಸಿಯಲ್ಲಿ ಮಿತವಾಗಿ ವ್ಯಾಯಾಮ ಮಾಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗನೆ ಹಾಗೂ ಹೇರಳವಾಗಿ ಹರಿಯುತ್ತದೆ, ಬೆವರಿನಲ್ಲಿ ಉಪ್ಪಿನ ಅಂಶ ತಗ್ಗುತ್ತದೆ, ನಾಡಿಯ ಬಡಿತ ಇಳಿಯುತ್ತದೆ. ಮೊದಲ ದಿನಗಳಲ್ಲಿ ಅವಧಿ ಮತ್ತು ವೇಗ ಎರಡೂ ಕಡಿಮೆ ಇರತಕ್ಕದ್ದು.

ಈ ಗುಣವು ಶಾಶ್ವತವಲ್ಲ. ಅಭ್ಯಾಸ ನಿಂತರೆ ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ಕರಗಿಹೋಗುತ್ತದೆ. ಮೆಹದಿಪಟ್ಟಣದಲ್ಲಿ ಮೇ ತಿಂಗಳ ಬಿಸಿಲನ್ನು ಉಂಡ ಸ್ಪರ್ಧಿಯು ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಸ್ಪರ್ಧೆಗೆ ಹೊರಟಾಗ ಆ ಬೇಸಿಗೆಯ ಲಾಭ ಅವನ ಬಳಿ ಉಳಿದಿರುವುದಿಲ್ಲ. ಬೆಂಗಳೂರಿನಂತಹ ಹಿತವಾದ ಹವೆಯ ಊರಿನಿಂದ ಬರುವವರ ಸ್ಥಿತಿ ಇನ್ನೂ ಕಷ್ಟ. ಆದುದರಿಂದ ಸ್ಪರ್ಧೆಗೆ ಮುಂಚಿನ ಎರಡು ವಾರಗಳಲ್ಲಿ ಪುನಃ ಬಿಸಿಗೆ ಒಗ್ಗಿಕೊಳ್ಳುವುದು ಅವಶ್ಯ. ಸದಾ ಬೆಳಗಿನ ಐದು ಗಂಟೆಗೇ ಓಡಿ ಮುಗಿಸುವವರ ದೇಹವು ಹಗಲಿನ ಓಟಕ್ಕೆ ಸಿದ್ಧವಾಗದು. ಕೆಲವು ಲಘು ಅಭ್ಯಾಸಗಳನ್ನು ಒಂಬತ್ತು ಗಂಟೆಯ ನಂತರ, ಜೊತೆಗಾರರೊಬ್ಬರೊಡನೆ ನಡೆಸುವುದು ಉಚಿತ. ಜ್ವರ, ಭೇದಿ, ನಿದ್ರಾಹೀನತೆ ಇರುವಾಗ ಇಂತಹ ಅಭ್ಯಾಸ ಸರ್ವಥಾ ಸಲ್ಲದು.

ನೀರು ಮತ್ತು ಉಪ್ಪು

ಬಿಸಿಲಿನಲ್ಲಿ ಎಷ್ಟು ನೀರು ಕುಡಿದರೂ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಮಿತಿಮೀರಿ ನೀರು ಕುಡಿದಾಗ ರಕ್ತದಲ್ಲಿನ ಸೋಡಿಯಂ ತೆಳುವಾಗಿ ಮೆದುಳು ಊದಿಕೊಂಡು ಮರಣವೂ ಸಂಭವಿಸಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೆ ಒಳಪಟ್ಟ 488 ಓಟಗಾರರ ಪೈಕಿ ಶೇಕಡ 13ರಷ್ಟು ಮಂದಿಯಲ್ಲಿ ಸೋಡಿಯಂ ಮಟ್ಟ ಕುಸಿದಿದ್ದುದು ಕಂಡುಬಂತು. ಓಟದ ಅವಧಿಯಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲಿಯೂ, ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಓಡಿದವರಲ್ಲಿಯೂ ಈ ದೋಷ ಅಧಿಕವಾಗಿತ್ತು.

ತನಗೆಷ್ಟು ನೀರು ಬೇಕೆಂಬುದನ್ನು ಪ್ರತಿಯೊಬ್ಬನೂ ಮನೆಯಲ್ಲಿಯೇ ಕಂಡುಕೊಳ್ಳಬಹುದು. ಒಂದು ಗಂಟೆಯ ಅಭ್ಯಾಸಕ್ಕೆ ಮುಂಚೆ ಮತ್ತು ಅನಂತರ ಬೆವರು ಒರೆಸಿಕೊಂಡು ತೂಕ ನೋಡಬೇಕು. ಕಡಿಮೆಯಾದ ತೂಕಕ್ಕೆ ನಡುವೆ ಕುಡಿದ ನೀರನ್ನು ಕೂಡಿಸಿದರೆ ಗಂಟೆಗೆ ಹರಿದ ಬೆವರಿನ ಪ್ರಮಾಣ ದೊರೆಯುತ್ತದೆ. ಒಂದು ಕಿಲೋಗ್ರಾಂ ಎಂದರೆ ಸುಮಾರು ಒಂದು ಲೀಟರ್. ಇದು ವ್ಯಕ್ತಿಯಿಂದ ವ್ಯಕ್ತಿಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ, ಕೆಲವರಲ್ಲಿ ಇನ್ನೂ ಹೆಚ್ಚು ಇರಬಹುದು. ಹೋದುದೆಲ್ಲವನ್ನೂ ತುಂಬಿಕೊಳ್ಳುವ ಅಗತ್ಯವಿಲ್ಲ. ಅಲ್ಪಸ್ವಲ್ಪ ತೂಕ ಇಳಿಯುವುದು ಸಹಜ. ಸ್ಪರ್ಧೆಯ ಕೊನೆಯಲ್ಲಿ ತೂಕ ಏರಿರಬಾರದೆಂಬುದು ಮುಖ್ಯ ನಿಯಮ.

ದೀರ್ಘ ಸ್ಪರ್ಧೆಯಲ್ಲಿ ನೀರಿನೊಡನೆ ಉಪ್ಪು ಮತ್ತು ಸಕ್ಕರೆಯ ಅಂಶಗಳೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಜೀವಜಲ ಪುಡಿಯಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು ಹಾಗೂ 13.5 ಗ್ರಾಂ ಗ್ಲೂಕೋಸ್ ಇರುತ್ತವೆ. ಈ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ‘ಓ.ಆರ್.ಎಸ್.’ ಎಂಬ ಹೆಸರನ್ನು ಬಳಸಕೂಡದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಉಪ್ಪು ಬೆರೆಸಿದ ಮಜ್ಜಿಗೆ, ನಿಂಬೆಹಣ್ಣಿನ ಪಾನಕಗಳು ಅಭ್ಯಾಸದ ನಂತರದ ಚೇತರಿಕೆಗೆ ಉಪಯುಕ್ತ. ಆದರೆ ಅಭ್ಯಾಸದಲ್ಲಿ ಬಳಸಿ ನೋಡದ ಯಾವುದನ್ನೂ ಸ್ಪರ್ಧೆಯ ದಿನ ಸೇವಿಸಬಾರದು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ತರಬಹುದಾದುದರಿಂದ ಅವುಗಳನ್ನು ವರ್ಜಿಸಬೇಕು.

ಸ್ಪರ್ಧೆಯ ದಿನದ ನಡೆ

2019ರ ಸೆಪ್ಟೆಂಬರಿನಲ್ಲಿ ಕತಾರಿನ ದೋಹಾದಲ್ಲಿ ವಿಶ್ವ ಅಥ್ಲೆಟಿಕ್ಸ್‌ನ ಮಹಿಳೆಯರ ಮ್ಯಾರಥಾನ್ ನಡುರಾತ್ರಿಯಲ್ಲಿ ನಡೆಯಿತು. ಬಿಸಿಲಿಲ್ಲದಿದ್ದರೂ ಉಷ್ಣತೆ 32 ಡಿಗ್ರಿ ಮೀರಿದ್ದು, ಆರ್ದ್ರತೆ ಶೇಕಡ 70ಕ್ಕೂ ಮೇಲಿತ್ತು. 68 ಮಂದಿಯಲ್ಲಿ 28 ಮಂದಿ ನಡುವೆಯೇ ನಿಂತರು. ಗೆದ್ದ ಕೀನ್ಯಾದ ರೂತ್ ಚೆಪ್ನ್‌ಗೆಟಿಚ್ 2 ಗಂಟೆ 32 ನಿಮಿಷ 43 ಸೆಕೆಂಡುಗಳಲ್ಲಿ ಗುರಿ ಸೇರಿದರು. ಅದೇ ವರ್ಷ ದುಬೈಯಲ್ಲಿ ಅವರು ಓಡಿದ್ದಕ್ಕಿಂತ ಇದು 15 ನಿಮಿಷಗಳಷ್ಟು ನಿಧಾನ. ಇದಕ್ಕೆ ಪ್ರತಿಯಾಗಿ 2016ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕೋಸುಮೆಲ್‌ನಲ್ಲಿ ಮುಂಚೂಣಿಯಲ್ಲಿದ್ದ ಬ್ರಿಟನ್ನಿನ ಟ್ರಯಥ್ಲಾನ್ ಪಟು ಜಾನಿ ಬ್ರೌನ್‌ಲೀ ಕೊನೆಯ ಕಿಲೋಮೀಟರಿನಲ್ಲಿ ಉಷ್ಣದಿಂದ ತತ್ತರಿಸಿದರು; ಅಣ್ಣ ಅಲಿಸ್ಟೇರ್ ಅವರನ್ನು ಆನಿಸಿಕೊಂಡು ಗುರಿಯವರೆಗೆ ನಡೆಸಬೇಕಾಯಿತು. ಬಿಸಿಯಲ್ಲಿ ವೇಗವನ್ನು ತಗ್ಗಿಸುವುದು ದುರ್ಬಲತೆಯಲ್ಲ, ಜಯದ ಮಾರ್ಗವೇ ಎಂಬುದು ಇವೆರಡರಿಂದ ವ್ಯಕ್ತವಾಗುತ್ತದೆ.

ಸ್ಪರ್ಧಿಯು ಪಾಲಿಸಬೇಕಾದ ಕ್ರಮಗಳು ಇಂತಿವೆ:

1. ಗಡಿಯಾರದ ವೇಗವನ್ನಲ್ಲ, ಉಸಿರು ಹಾಗೂ ನಾಡಿಯನ್ನು ಆಧಾರವಾಗಿಟ್ಟುಕೊಳ್ಳಬೇಕು.

2. ಸೈಕಲ್ ಸವಾರಿಯಲ್ಲಿ ಶಕ್ತಿಯನ್ನು ಉಳಿಸಿ, ಓಟದ ಮೊದಲ ಕೆಲವು ಕಿಲೋಮೀಟರುಗಳನ್ನು ನಿಧಾನವಾಗಿ ಓಡಬೇಕು.

3. ನೀರಿನ ಕೇಂದ್ರಗಳಲ್ಲಿ ನಡೆದು, ತಲೆ, ಕುತ್ತಿಗೆ, ತೋಳುಗಳ ಮೇಲೆ ನೀರು ಸುರಿದುಕೊಳ್ಳಬೇಕು. ಟೋಪಿಯೊಳಗೆ ಮಂಜುಗಡ್ಡೆ ಇಟ್ಟುಕೊಳ್ಳಬಹುದು.

4. ತಿಳಿಬಣ್ಣದ, ತೆಳುವಾದ ಉಡುಪನ್ನು ಧರಿಸಬೇಕು.

5. ತಲೆಸುತ್ತು, ಚಳಿ, ವಾಂತಿ, ದಿಕ್ಕುಗಾಣದ ಭಾವ ತೋರಿದೊಡನೆ ನಿಲ್ಲಬೇಕು.

ಪ್ರಥಮ ಚಿಕಿತ್ಸೆ

ಶ್ರಮದ ವೇಳೆ ಕುಸಿದವನು ಅಸಂಬದ್ಧವಾಗಿ ಮಾತನಾಡುತ್ತಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಉಷ್ಣಾಘಾತವೆಂದೇ ಶಂಕಿಸಬೇಕು. ಆಗ ದೇಹದ ಒಳ ಉಷ್ಣತೆ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ. ಚರ್ಮ ಒಣಗಿಯೇ ಇರಬೇಕೆಂದಿಲ್ಲ. ಬೆವರುತ್ತಿರುವವನಿಗೂ ಉಷ್ಣಾಘಾತ ಆಗಿರಬಹುದು. ಮೊದಲು ತಂಪು, ಅನಂತರ ಸಾಗಣೆ ಎಂಬುದೇ ಇಲ್ಲಿನ ಸೂತ್ರ. ಕುತ್ತಿಗೆಯವರೆಗೆ ಮಂಜುಗಡ್ಡೆ ಬೆರೆತ ನೀರಿನ ತೊಟ್ಟಿಯಲ್ಲಿ, ತಲೆಯನ್ನು ಎತ್ತಿ ಹಿಡಿದು, ಮುಳುಗಿಸುವುದು ಅತ್ಯುತ್ತಮ ಉಪಾಯ. ತೊಟ್ಟಿ ಇಲ್ಲದಿದ್ದರೆ ನಾಲ್ಕು ಜನ ಅಂಚು ಹಿಡಿದ ಟಾರ್ಪಾಲಿನ್‌ನಲ್ಲಿ ಮಲಗಿಸಿ ತಣ್ಣೀರು ಸುರಿಯಬಹುದು. ಅದೂ ಇಲ್ಲವಾದರೆ ಮೈಯನ್ನೆಲ್ಲ ನೆನೆಸಿ ಜೋರಾಗಿ ಗಾಳಿ ಬೀಸಬೇಕು. ಮೊದಲ ಅರ್ಧ ಗಂಟೆಯೇ ನಿರ್ಣಾಯಕ. ಎಚ್ಚರವಿಲ್ಲದವನಿಗೆ ಕುಡಿಯಲು ಏನನ್ನೂ ಕೊಡಬಾರದು. ತಂಪುಗೊಳಿಸುತ್ತಿರುವಾಗಲೇ ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು. ಈ ತುರ್ತು ವಾಹನ ಸೇವೆಯು 2005ರಲ್ಲಿ ಹೈದರಾಬಾದಿನಲ್ಲಿಯೇ ಮೊದಲು ಆರಂಭವಾಯಿತು.

ಅಭ್ಯಾಸಕ್ಕೆ ಹೊರಡುವವರು ತಾವು ಹೋಗುವ ದಾರಿಯನ್ನು ಮನೆಯವರಿಗೆ ತಿಳಿಸಿ, ಸಾಧ್ಯವಾದಷ್ಟು ಜೊತೆಗೂಡಿ ಹೋಗಬೇಕು. ಸ್ಪರ್ಧೆಯನ್ನು ಏರ್ಪಡಿಸುವವರು ಮಂಜುಗಡ್ಡೆ, ತೊಟ್ಟಿ ಮತ್ತು ತರಬೇತಾದ ಸ್ವಯಂಸೇವಕರನ್ನು ಓಟದ ಮಾರ್ಗದಲ್ಲಿ ಸಿದ್ಧವಾಗಿಡಬೇಕು. ಸೂಚ್ಯಂಕ ಮಿತಿಮೀರಿದ ದಿನ ದೂರವನ್ನು ಮೊಟಕುಗೊಳಿಸಲು ಹಿಂಜರಿಯಬಾರದು. ಮುಂದಿನ ವರ್ಷ ಸ್ಪರ್ಧೆ ಮತ್ತೆ ನಡೆಯುತ್ತದೆ. ಅದರಲ್ಲಿ ಭಾಗವಹಿಸಲು ಸ್ಪರ್ಧಿಯು ಆರೋಗ್ಯದಿಂದ ಉಳಿದಿರುವುದೇ ಮೊದಲ ಅರ್ಹತೆ.