ಟ್ರೋಪೊನಿನ್ ರಿಪೋರ್ಟಿನಲ್ಲಿ ಗಂಟೆ ಬರೆದಿದೆಯೇ?

2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿದ್ದರು. ನೋವೇ ಇಲ್ಲದವರೂ ‘ಒಂದು ಸಲ ನೋಡಿಬಿಡಿ’ ಎಂದು ಬಂದಿದ್ದರು. ನಿಜವಾಗಿ ಎದೆ ಹಿಡಿದುಕೊಂಡವರು ಮಾತ್ರ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮನೆಯಲ್ಲೇ ಕೂರುವುದು ಇನ್ನೂ ತಪ್ಪಿಲ್ಲ. ನಮ್ಮ ವಿದ್ಯಾರಣ್ಯಪುರಂ ಬಡಾವಣೆ ಇರುವುದು ಮೈಸೂರು ನಗರದ ದಕ್ಷಿಣಕ್ಕೆ, ಜಯದೇವ ಇರುವುದು ಊರಿನ ಇನ್ನೊಂದು ಮಗ್ಗುಲಿನ ಕೆ.ಆರ್.ಎಸ್. ರಸ್ತೆಯಲ್ಲಿ. ಹಾಗಾಗಿ ಇಲ್ಲಿನವರು ಅವಸರಕ್ಕೆ ಹತ್ತಿರದ ನರ್ಸಿಂಗ್ ಹೋಮಿಗೋ ಲ್ಯಾಬಿಗೋ ಹೋದರೆ ಆಶ್ಚರ್ಯವಿಲ್ಲ. ನಿಮ್ಮ ಹಕ್ಕುಗಳ ಲೆಕ್ಕವೂ ಆ ಬಾಗಿಲಿನಿಂದಲೇ ಶುರು.

ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಅದರೊಳಗಿನ ಟ್ರೋಪೊನಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಆದರೆ ಸೋರಿದ್ದು ಪರೀಕ್ಷೆಗೆ ಸಿಗಲು ಕೆಲವು ಗಂಟೆ ಬೇಕು. ನೋವು ಶುರುವಾದ ಅರ್ಧ ಗಂಟೆಗೇ ರಕ್ತ ಕೊಟ್ಟು ‘ನೆಗೆಟಿವ್’ ಎಂದು ಮನೆಗೆ ನಡೆಯುವುದು ಅಪಾಯ. ಅದಕ್ಕೇ ವೈದ್ಯರು ಕೆಲವು ಗಂಟೆ ಬಿಟ್ಟು ಎರಡನೇ ಸಲ ರಕ್ತ ತೆಗೆಯುತ್ತಾರೆ. ಇದನ್ನು ಬಿಲ್ ಏರಿಸುವ ತಂತ್ರ ಎಂದು ಜಗಳವಾಡಬೇಡಿ. ಇನ್ನೊಂದು ಮಾತು: ಮೂತ್ರಪಿಂಡದ ಕಾಯಿಲೆ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ತೀವ್ರ ಸೋಂಕು ಇದ್ದರೂ ಟ್ರೋಪೊನಿನ್ ಏರಬಹುದು. ಇಸಿಜಿಯಲ್ಲೇ ದೊಡ್ಡ ಹೃದಯಾಘಾತ ಕಂಡರೆ ಚಿಕಿತ್ಸೆ ಈ ರಿಪೋರ್ಟಿಗಾಗಿ ಕಾಯಬಾರದು. ಎದೆನೋವು ಬಂದವರು ಲ್ಯಾಬಿಗಲ್ಲ, ಇಸಿಜಿ ಇರುವ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ.

ಖಾಸಗಿ ಆಸ್ಪತ್ರೆಯಲ್ಲಿ ‘ಮೊದಲು ಅಡ್ವಾನ್ಸ್ ಕಟ್ಟಿ’ ಎಂದರೆ? 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ತುರ್ತು ಸ್ಥಿತಿಯಲ್ಲಿ ಮುಂಗಡಕ್ಕೆ ಪಟ್ಟುಹಿಡಿಯುವಂತಿಲ್ಲ. ಹಾಗೆಂದು ಚಿಕಿತ್ಸೆಯೇ ಪುಕ್ಕಟೆ ಎಂದಲ್ಲ, ಬಿಲ್ ಆಮೇಲೆ ಬರುತ್ತದೆ. ದರಪಟ್ಟಿಯನ್ನು ಕಾಣುವಂತೆ ಹಾಕಿರಬೇಕು. ಈ ಕಾಯ್ದೆ ಲ್ಯಾಬುಗಳಿಗೂ ಅನ್ವಯ. ದೂರು ಕೊಡಬೇಕಾದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಸರ್ಕಾರಿ ಆಸ್ಪತ್ರೆ ‘ಹಾಸಿಗೆ ಇಲ್ಲ’ ಎಂದು ಕೈತೊಳೆದುಕೊಳ್ಳುವಂತಿಲ್ಲ. ರೈಲಿನಿಂದ ಬಿದ್ದ ಕೃಷಿ ಕಾರ್ಮಿಕನೊಬ್ಬನನ್ನು ಪಶ್ಚಿಮ ಬಂಗಾಳದ ಸರ್ಕಾರಿ ಆಸ್ಪತ್ರೆಗಳು ಒಂದರ ಹಿಂದೊಂದು ಸಾಗಹಾಕಿದ್ದಕ್ಕೆ ಸುಪ್ರೀಂ ಕೋರ್ಟ್ 1996ರಲ್ಲಿ 25,000 ರೂಪಾಯಿ ಪರಿಹಾರ ಕೊಡಿಸಿ, ಇದು 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು.

ಇಷ್ಟೆಲ್ಲ ಹಕ್ಕಿದ್ದರೂ ಕೈಯಲ್ಲಿ ಕಾಗದ ಇಲ್ಲದಿದ್ದರೆ ವಾದ ನಿಲ್ಲುವುದಿಲ್ಲ. ನೋವು ಶುರುವಾದದ್ದು ಎಷ್ಟು ಗಂಟೆಗೆ, ಆಸ್ಪತ್ರೆಗೆ ಬಂದದ್ದು, ಇಸಿಜಿ ತೆಗೆದದ್ದು, ಮೊದಲ ರಕ್ತ, ಎರಡನೇ ರಕ್ತ ತೆಗೆದದ್ದು ಯಾವಾಗ ಎಂಬುದು ದಾಖಲೆಯಲ್ಲಿ ಇರಲಿ. ರಿಪೋರ್ಟ್ ಅಚ್ಚಾದ ಸಮಯ ಬೇರೆ, ರಕ್ತ ತೆಗೆದ ಸಮಯ ಬೇರೆ. ನಮಗೆ ಬೇಕಾದ್ದು ಎರಡನೆಯದು. ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಬಾಯಲ್ಲಿ ಕೇಳದೆ ಅರ್ಜಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ‘ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ’ ಎಂಬ ಹಾಳೆಗೆ ಓದದೆ ಸಹಿ ಹಾಕಬೇಡಿ. ಎರಡನೇ ಪರೀಕ್ಷೆಗೆ ನಿಲ್ಲದೆ ಹೊರಟವರ ಕೇಸು ಅಲ್ಲಿಗೇ ಅರ್ಧ ಸೋತಂತೆ.

ಕೇಸು ಎಂದರೆ ಗ್ರಾಹಕ ಆಯೋಗ. ಹಣ ಪಡೆದು ಕೊಡುವ ಚಿಕಿತ್ಸೆ ‘ಸೇವೆ’ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದೂರಿಗೆ ಎರಡು ವರ್ಷದ ಗಡುವು. ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಇದರ ವ್ಯಾಪ್ತಿಗೆ ಬಾರದು. ಫಲಿತಾಂಶ ಕೆಟ್ಟದಾಯಿತು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಬೇರೊಬ್ಬ ಸಮರ್ಥ ವೈದ್ಯ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಎಂಬುದೇ ಅಳತೆ.

ವಿಮೆಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಗಂಭೀರ ಕಾಯಿಲೆಯ ಪಾಲಿಸಿಗಳಲ್ಲಿ ‘ಮೊದಲ ಹೃದಯಾಘಾತ’ಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ ಸಿದ್ಧ ವ್ಯಾಖ್ಯೆಯೇ ಇದೆ: ಎದೆನೋವಿನಂಥ ಲಕ್ಷಣ, ಇಸಿಜಿಯಲ್ಲಿ ಹೊಸ ಬದಲಾವಣೆ, ಟ್ರೋಪೊನಿನ್ ಅಥವಾ ಅಂಥದೇ ಸೂಚಕದ ಏರಿಕೆ, ಮೂರೂ ಬೇಕು. ಟ್ರೋಪೊನಿನ್ ಮಾತ್ರ ಏರಿ ಹೃದಯದ ರಕ್ತನಾಳದ ಕಾಯಿಲೆ ಕಾಣದಿದ್ದರೆ ಹಣ ಸಿಗದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ ‘ಎದೆನೋವು’ ಎಂದಿದ್ದು ಟ್ರೋಪೊನಿನ್ ಅಂಕಿ ಬಿಟ್ಟುಹೋಗಿದ್ದರೆ ಮನೆಗೆ ಹೊರಡುವ ಮೊದಲೇ ಸೇರಿಸಿಕೊಡಲು ಕೇಳಿ. ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಗೆ ಲಿಖಿತ ದೂರು, ಒಪ್ಪದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.

ವಕೀಲರು ಬೇಕೆನಿಸಿದರೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ನೇಮಿಸಿಕೊಡುತ್ತದೆ. ಸಹಾಯವಾಣಿ 15100.